ಸವೆದ ಮಂಡಿಗೂ ಮುರಿದ ಕಾಲಿಗೂ ಒಂದೇ ಎಣ್ಣೆಯಲ್ಲ

ಮಲೆನಾಡಿನ ಮನೆಗಳಲ್ಲಿ ಕೀಲು ನೋವಿಗೆ ಎರಡು ಹಂಗಾಮುಗಳಿವೆ. ಆಷಾಢದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬೀಳುವವರದು ಒಂದು, ದೀಪಾವಳಿಯ ಆಚೆಗೆ ಗಂಟೆಗಟ್ಟಲೆ ಕಾಲು ಮಡಚಿ ಕೂತು ಅಡಿಕೆ ಸುಲಿಯುವವರದು ಇನ್ನೊಂದು. ಮೊದಲನೆಯದು ಪೆಟ್ಟು, ಎರಡನೆಯದು ಹೆಚ್ಚಾಗಿ ಸವೆತ. ಎರಡಕ್ಕೂ ಬಚ್ಚಲ ಹಂಡೆಯ ಬಿಸಿನೀರು ಮತ್ತು ಒಂದೇ ಸೀಸೆಯ ಎಣ್ಣೆ ಮೊದಲು ನೆನಪಾಗುತ್ತವೆ. ಆದರೆ ಚಿಕಿತ್ಸೆಯ ದಾರಿ ಹಿಡಿಯುವ ಮೊದಲು ನೋವು ಯಾವ ಬಗೆಯದೆಂದು ಗೊತ್ತುಮಾಡಿಕೊಳ್ಳಬೇಕು.

ಅದಕ್ಕೆ ಬೆಳಗಿನ ಹೊತ್ತು ಒಳ್ಳೆಯ ಸಾಕ್ಷಿ. ಎದ್ದ ಕೂಡಲೇ ಕೀಲು ಬಿಗಿದಿದ್ದು ಅರ್ಧ ಗಂಟೆಯೊಳಗೆ ಸಡಿಲವಾದರೆ, ನಡೆದಷ್ಟೂ ನೋವು ಹೆಚ್ಚಿ ಕೂತಾಗ ಇಳಿದರೆ, ಅದು ಬಹುಮಟ್ಟಿಗೆ ಸವೆತ. ಬಿಗಿತ ಒಂದು ಗಂಟೆಗೂ ಮೀರಿ ಉಳಿದು ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡರೆ ರುಮಟಾಯ್ಡ್‌ನಂಥ ಉರಿಯೂತವನ್ನು ಅನುಮಾನಿಸಬೇಕು. ಇದಕ್ಕೆ ಬೇಕಾದವರು ಶಸ್ತ್ರಚಿಕಿತ್ಸಕರಲ್ಲ, ಸಂಧಿವಾತದ ತಜ್ಞರು. ಅವರು ಸಾಮಾನ್ಯವಾಗಿ ಬರೆಯುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನವೂ ನುಂಗಿದರೆ ಜೀವಕ್ಕೇ ಅಪಾಯವಿರುವುದರಿಂದ ಆ ದಿನ ಯಾವುದೆಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಜ್ವರದೊಂದಿಗೆ ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ, ಅಲುಗಿಸಲೂ ಆಗದಂತೆ ಊದಿದರೆ ಮಾತ್ರ ಮರುದಿನದ ಬಸ್ಸಿಗೆ ಕಾಯಬಾರದು. ಕೀಲಿನೊಳಗೆ ಕೀವಾಗಿದ್ದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಪದರ, ಹಾಳಾಗುತ್ತದೆ.

ಸಾಗರ, ಸೊರಬದ ಕಡೆಯ ಓದುಗರಿಗೆ ಇಲ್ಲಿ ಒಂದು ಮಾತು ಸೇರಿಸಬೇಕು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಗುರುತಿಸಲಾದ, ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ಸೊಂಟ ಮತ್ತು ಮಂಡಿಯ ಕೀಲುಗಳನ್ನು ಕೆಡಿಸುವಂಥದ್ದು, ವಂಶಪಾರಂಪರ್ಯವಾಗಿ ಬರುವಂಥದ್ದು. ಮನೆಯಲ್ಲಿ ಎರಡು ಮೂರು ತಲೆಮಾರಿಗೆ ಚಿಕ್ಕ ವಯಸ್ಸಿನಲ್ಲೇ ಸೊಂಟದ ನೋವು ಬಂದಿದ್ದರೆ ವೈದ್ಯರು ಕೇಳುವವರೆಗೆ ಕಾಯದೆ ನೀವೇ ಹೇಳಿ.

ಇನ್ನು ಪೆಟ್ಟಿನ ವಿಷಯ. ಕಾಲು ಉಳುಕಿದ ಮೊದಲ ಎರಡು ದಿನ ತಿಕ್ಕುವುದು, ನೀವುವುದು, ಬಿಸಿ ಶಾಖ ಕೊಡುವುದು ಮೂರೂ ಬೇಡ, ಏಕೆಂದರೆ ಒಳಗೆ ಹರಿದ ಸಣ್ಣ ರಕ್ತನಾಳಗಳು ಮತ್ತಷ್ಟು ಸೋರಿ ಊತ ಏರುತ್ತದೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬಾರಿಗೆ 15ರಿಂದ 20 ನಿಮಿಷ ಇಡಿ. ಕರೆಂಟ್ ಹೋಗಿ ಫ್ರಿಜ್ ಕೈಕೊಟ್ಟಿದ್ದರೆ ಬಾವಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಾದರೂ ಸರಿ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ, ಮಲಗಿದಾಗ ಪಾದ ಎದೆಗಿಂತ ಎತ್ತರದಲ್ಲಿರುವಂತೆ ದಿಂಬು ಕೊಡಿ. ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ತಕ್ಷಣ ಬಿಚ್ಚಬೇಕು. ಪೆಟ್ಟಾದ ಕಾಲನ್ನು ಊರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಗಂಟಿನ ಹಿಂದಿನ ಅಂಚಿನಲ್ಲಿ ಮೂಳೆಯನ್ನೇ ಒತ್ತಿದಾಗ ನೋವಾದರೆ ಎಕ್ಸ್-ರೇ ತೆಗೆಸಲೇಬೇಕು.

ಮೂಳೆ ಕಟ್ಟುವ ನಾಟಿ ವೈದ್ಯರ ಮೇಲೆ ನಮ್ಮ ಕಡೆ ಇರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಎಕ್ಸ್-ರೇ ಇಲ್ಲದೆ ಬಿದಿರ ಪಟ್ಟಿ ಬಿಗಿಯುವುದಕ್ಕೆ, ಅದರಲ್ಲೂ ಮಕ್ಕಳ ಮೊಣಕೈಗೆ, ನನ್ನ ವಿರೋಧವಿದೆ. ಕಟ್ಟು ಬಿಗಿಯಾಗಿ ರಕ್ತ ಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತು, ಬೆರಳುಗಳು ಜೀವನಪೂರ್ತಿ ಮಡಚಿಕೊಂಡೇ ಉಳಿಯಬಹುದು.

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದಾಗ ಗಮನಿಸಬೇಕಾದ್ದು ಪಾದವನ್ನು. ನೋವಿರುವ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡು, ಪಾದ ಹೊರಕ್ಕೆ ತಿರುಗಿ ಬಿದ್ದುಕೊಂಡಿದ್ದರೆ ಸೊಂಟದ ಕೀಲಿನ ಬಳಿ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಹೆಗಲು ಹಿಡಿದು ನಿಲ್ಲಿಸಿ ನಡೆಸಿ ನೋಡಬೇಡಿ. ಎರಡು ಕಾಲುಗಳ ನಡುವೆ ದಿಂಬಿಟ್ಟು, ಪಂಚೆಯಿಂದ ಕಾಲುಗಳನ್ನು ಸಡಿಲವಾಗಿ ಜೋಡಿಸಿ ಕಟ್ಟಿ, 108ಕ್ಕೆ ಕರೆ ಮಾಡಿ; ವಾಹನ ಮನೆಯವರೆಗೆ ಬಾರದ ಕಡೆ ಎರಡು ಗಟ್ಟಿ ಬಿದಿರಿಗೆ ಕಂಬಳಿ ಸುತ್ತಿದರೆ ರಸ್ತೆಯವರೆಗೆ ಹೊರಲು ಸಾಕು. ಇಂಥ ಮುರಿತಕ್ಕೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾದಷ್ಟೂ ಒಳ್ಳೆಯದು. ವಯಸ್ಸಾಯಿತು, ಹಾಗೇ ಮಲಗಿರಲಿ ಎಂದು ಬಿಟ್ಟವರನ್ನು ಬೆನ್ನಿನ ಹುಣ್ಣು ಮತ್ತು ನ್ಯುಮೋನಿಯಾ ಹೆಚ್ಚು ಕಾಲ ಬಾಳಲು ಬಿಡುವುದಿಲ್ಲ. ಅಡಿಕೆ ಮರದಿಂದ ಬಿದ್ದವರನ್ನು ಕಂಬಳಿಯಲ್ಲೂ ಎತ್ತಬಾರದು. ಬೆನ್ನುಹುರಿಗೆ ಪೆಟ್ಟಾಗಿರುವ ಸಂಭವವಿರುವುದರಿಂದ ಕುತ್ತಿಗೆ, ಬೆನ್ನು ಬಾಗದಂತೆ ಮೂರು ನಾಲ್ಕು ಜನ ಒಟ್ಟಿಗೆ ಹಿಡಿದು ಅಗಲವಾದ ಹಲಗೆಯ ಮೇಲೆ ಸಾಗಿಸಬೇಕು.

ಕಬಡ್ಡಿ, ವಾಲಿಬಾಲ್ ಆಡುವಾಗ ಮಂಡಿ ತಿರುಚಿ "ಟಕ್" ಎಂದು ಸದ್ದಾಗಿ, ಕೆಲವು ಗಂಟೆಗಳಲ್ಲೇ ಊದಿದರೆ ಒಳಗಿನ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿ) ಹರಿದಿರಬಹುದು. ಎಂಆರ್‌ಐ ನೋಡಿ ನಿರ್ಧರಿಸುವ ವಿಷಯವಿದು. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ಮಾಡಿಸಿದವರೂ ಮೈದಾನಕ್ಕೆ ಇಳಿಯಲು ಸುಮಾರು ಒಂಬತ್ತು ತಿಂಗಳು ಕಾಯಬೇಕು.

ಸವೆತದ ಮಂಡಿಗೆ ಮೊದಲ ಚಿಕಿತ್ಸೆ ವ್ಯಾಯಾಮ. ಜನ ಎಲ್ಲಕ್ಕಿಂತ ಹೆಚ್ಚು ತಪ್ಪಿಸುವುದೂ ಅದನ್ನೇ. ನನ್ನ ತಾಯಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಸರಳವಾಗಿತ್ತು: ಜಗಲಿಯ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು, ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. "ಇಷ್ಟಕ್ಕೆ ಡಾಕ್ಟರ್ ಬೇಕಾ?" ಎಂದು ಅವರು ನಕ್ಕಿದ್ದರು. ಎರಡು ತಿಂಗಳಾದ ಮೇಲೆ ತೋಟದ ಇಳಿಜಾರನ್ನು ಕೋಲಿಲ್ಲದೆ ಇಳಿದರು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಮೈತೂಕ ಹೆಚ್ಚಿರುವವರು 1 ಕೆ.ಜಿ. ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಗೆ ಸುಮಾರು 4 ಕೆ.ಜಿ. ಹೊರೆ ತಪ್ಪುತ್ತದೆ. ಅಡಿಕೆ ಸುಲಿಯಲು ನೆಲ ಬಿಟ್ಟು ಎತ್ತರದ ಬೆಂಚಿಗೆ ಬನ್ನಿ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಹಳೆಯ ನೋವಿಗೆ ಬಿಸಿ ಶಾಖವಾಗಲಿ, ಎಣ್ಣೆಯಾಗಲಿ ಹಿತವೆನಿಸಿದರೆ ಧಾರಾಳವಾಗಿ ಬಳಸಬಹುದು.

ಔಷಧಿಯಲ್ಲಿ ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್, ಆಮೇಲೆ ಮಾತ್ರೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಸೊರಗುತ್ತದೆ, ಬಿ.ಪಿ. ಇದ್ದವರು ಇನ್ನಷ್ಟು ಎಚ್ಚರ ವಹಿಸಬೇಕು. ಒಂದೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಕೀಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನೆಮ್ಮದಿ ಕೊಡುತ್ತದೆಯಾದರೂ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಸಲ್ಲದು, ಮತ್ತು ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಬರೀ ಸವೆತಕ್ಕೆ ದುರ್ಬೀನು ಹಾಕಿ ಮಂಡಿ "ತೊಳೆಯುವುದರಿಂದ" ಉಪಯೋಗವಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆಗೆಡಿಸುವ, ಮನೆಯೊಳಗೆ ನಡೆಯಲೂ ಬಿಡದ ನೋವಿದ್ದಾಗಲೇ ಮಂಡಿ ಬದಲಿಸುವ ಮಾತು. ಎಕ್ಸ್-ರೇಯ ಚಿತ್ರವೊಂದೇ ಅದಕ್ಕೆ ಕಾರಣವಾಗಬಾರದು. ಕೃತಕ ಮಂಡಿ ಬಹುತೇಕ ಜನರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದರ ಗರಿಷ್ಠ ಬೆಲೆ ನಿಗದಿಪಡಿಸಿದ್ದರಿಂದ, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸಲು ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಶಿವಮೊಗ್ಗದ ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಕಂಡು, ನಿಮ್ಮ ಚಿಕಿತ್ಸೆ ಯಾವ ನಿಯಮಕ್ಕೆ ಬರುತ್ತದೆಂದು ಮೊದಲೇ ವಿಚಾರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯನ್ನೂ ಕೇಳಬಹುದು.

ತುರ್ತಿಲ್ಲದ ಮಂಡಿ ಶಸ್ತ್ರಚಿಕಿತ್ಸೆಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳುವುದು ನಮ್ಮ ಕಡೆ ಜಾಣತನ, ಏಕೆಂದರೆ ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿದು ನಡೆಸುತ್ತಾರೆ, ಆಮೇಲೆ ವಾರಗಟ್ಟಲೆ ಮಡಚಿ ಚಾಚುವ ವ್ಯಾಯಾಮಕ್ಕಾಗಿ ಓಡಾಡಬೇಕಾಗುತ್ತದೆ. ಹೋಗುವ ಮುನ್ನವೇ ಮನೆಯಲ್ಲಿ ಕಮೋಡ್ ಹಾಕಿಸಿ, ಬಚ್ಚಲಿಗೆ ಹಿಡಿಕೆ ಕೂರಿಸಿ, ಅಂಗಳದ ಪಾಚಿ ಕೆರೆಸಿಡಿ. ಬಿಡುಗಡೆಯ ದಿನ ಕೃತಕ ಕೀಲಿನ ಕಂಪನಿ, ಅಳತೆ ಮತ್ತು ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆದು, ಪಹಣಿ ಮತ್ತು ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲೇ ಹಾಕಿ.