ಟಕ್ ಅಂದರೂ ಅಂಕಿ ಬೀಳಲಿಲ್ಲವೇ? ಕ್ಯಾಲ್ಕ್ಯುಲೇಟರ್ ಕೀ ಸರಿಪಡಿಸುವುದು ಹೀಗೆ

ಸೈಂಟಿಫಿಕ್ ಕ್ಯಾಲ್ಕ್ಯುಲೇಟರಿನಲ್ಲಿ 7 ಒತ್ತಿದರೆ 77 ಬೀಳುತ್ತದೆ. ಇಲ್ಲವೇ ಎಷ್ಟು ಒತ್ತಿದರೂ ಏನೂ ಬೀಳುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗಲೇ ಹೀಗಾಗುವುದು, ಅಲ್ವಾ? ಹೊಸದು ಕೊಳ್ಳುವ ಮೊದಲು ಬೆರಳಿನಲ್ಲೇ ಸ್ವಲ್ಪ ಪತ್ತೇದಾರಿ ಮಾಡಿ ನೋಡಿ. ಇಂಜಿನಿಯರಿಂಗ್ ಹುಡುಗರ ಬ್ಯಾಗಿನಲ್ಲಿ ಇರುವ ಕ್ಯಾಸಿಯೋ ಎಫ್‌ಎಕ್ಸ್-991 ತರಹದ್ದನ್ನೇ ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಒಳಗೆ ಏನಿದೆ

ಪ್ಲಾಸ್ಟಿಕ್ ಕೀಗಳ ಕೆಳಗೆ ಒಂದು ರಬ್ಬರ್ ಹಾಳೆ ಇರುತ್ತದೆ. ಅದರಲ್ಲಿ ಪ್ರತಿ ಕೀಗೂ ಒಂದು ಪುಟ್ಟ ಗುಮ್ಮಟ. ಗುಮ್ಮಟದ ಒಳಗೆ, ನೆತ್ತಿಗೆ ಅಂಟಿದಂತೆ, ಕಾರ್ಬನ್ ಬೆರೆಸಿದ ಕರಿ ಬಿಲ್ಲೆ. ಅದರ ನೇರ ಕೆಳಗೆ ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದಕ್ಕೊಂದು ತಾಗದ ಎರಡು ಗೆರೆಗಳು. ಕೀ ಒತ್ತಿದಾಗ ಗುಮ್ಮಟ ಮೊದಲು ತಡೆಯುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಬೆರಳಿಗೆ ಟಕ್ ಅನ್ನಿಸುವುದು ಆ ಕುಸಿತ. ಬಿಲ್ಲೆ ಕೆಳಗೆ ಹೋಗಿ ಗೆರೆಗಳನ್ನು ಕೂಡಿಸುವುದು ಅದರ ನಂತರ. ಅಂದರೆ ಟಕ್ ಅಂದಿತು ಅಂತ ಅಂಕಿ ಬಿದ್ದೇಬಿಟ್ಟಿತು ಅನ್ನುವ ಹಾಗಿಲ್ಲ. ಕೀಯ ಮೂಲೆಗೆ ಒತ್ತಿದರೆ ಅದು ವಾಲುತ್ತದೆ, ಗುಮ್ಮಟ ಕುಸಿಯುತ್ತದೆ, ಬಿಲ್ಲೆ ಮಾತ್ರ ಸರಿಯಾಗಿ ತಾಗುವುದಿಲ್ಲ.

1972ರಲ್ಲಿ ಬಂದ ಎಚ್‌ಪಿ-35 ಕ್ಯಾಲ್ಕ್ಯುಲೇಟರಿನಲ್ಲಿ ರಬ್ಬರ್ ಇರಲಿಲ್ಲ. ಕೀಗಳ ಕೆಳಗೆ ಉಬ್ಬು ಇರುವ ಲೋಹದ ಪಟ್ಟಿಗಳಿದ್ದವು. ಉಬ್ಬು ಮಡಿಚಿಕೊಂಡಾಗಲೇ ಸಂಪರ್ಕವೂ ಆಗುತ್ತಿತ್ತು. ನನ್ನನ್ನು ಕೇಳಿದರೆ, ಕೀ ಅಂದರೆ ಅದು. ಆದರೆ ರಬ್ಬರ್ ಅಗ್ಗ, ಚೆಲ್ಲಿದ ಕಾಫಿಯನ್ನೂ ಸ್ವಲ್ಪ ತಡೆಯುತ್ತದೆ. ಇನ್ನು ಇಂಜಿನಿಯರಿಂಗ್ ಮುಗಿಸಿದವರು ಎಂ.ಟೆಕ್‌ಗೆ ಬರೆಯುವ ಗೇಟ್ (GATE) ಪರೀಕ್ಷೆಯಲ್ಲಂತೂ ಪರದೆಯ ಮೇಲಿನ ಕ್ಯಾಲ್ಕ್ಯುಲೇಟರನ್ನೇ ಮೌಸ್‌ನಿಂದ ಒತ್ತಬೇಕು. ಅಲ್ಲಿ ಬೆರಳಿಗೆ ಟಕ್ ಕೂಡ ಇಲ್ಲ.

ಬಿಚ್ಚುವ ಮೊದಲು

ಮೊದಲು ರೀಸೆಟ್ ಮಾಡಿ. 991 ಇಎಸ್ ಪ್ಲಸ್‌ನಲ್ಲಾದರೆ ಶಿಫ್ಟ್, 9, 3, ಆಮೇಲೆ =. ಮೆಮೊರಿಯಲ್ಲಿದ್ದುದು ಅಳಿಸಿಹೋಗುತ್ತದೆ, ಬೇಕಾದ್ದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಕೀ ಚೆನ್ನಾಗಿಯೇ ಇರುತ್ತದೆ, ಮೋಡ್ ಬದಲಾಗಿರುತ್ತದೆ.

ಈಗ ಪ್ರತಿ ಕೀಯನ್ನೂ ನಡುವೆ ಒಂದು ಸಲ, ಮೂಲೆಗೆ ಒಂದು ಸಲ ಒತ್ತಿ. ಕಣ್ಣು ಪರದೆಯ ಮೇಲಿರಲಿ.

ಟಕ್ ಚೆನ್ನಾಗಿದೆ, ಅಂಕಿ ಮಾತ್ರ ಬೀಳುತ್ತಿಲ್ಲ ಅಂದರೆ ಬಿಲ್ಲೆಯ ಮೇಲೆ ಕೊಳೆ ಕೂತಿದೆ ಅಥವಾ ಅದು ಸವೆದಿದೆ. ಕೀ ಮೇಲಕ್ಕೆ ಏಳುತ್ತಿಲ್ಲ, ಮೆತ್ತಗಾಗಿದೆ ಅಂದರೆ ಅಂಚಿನಲ್ಲಿ ಏನೋ ಅಂಟಿದೆ, ಇಲ್ಲವೇ ಗುಮ್ಮಟ ಹರಿದಿದೆ. ಹರಿದಿದ್ದರೆ ಮನೆಯಲ್ಲಿ ಮಾಡುವಂಥದ್ದೇನಿಲ್ಲ. ಒಂದಕ್ಕೆ ಎರಡು ಬೀಳುವುದು ಬೇರೆ ಕತೆ. ಯಾವ ಸಂಪರ್ಕವೂ ಒಂದೇ ಏಟಿಗೆ ನಿಲ್ಲುವುದಿಲ್ಲ, ಕೆಲವು ಮಿಲಿಸೆಕೆಂಡು ಅದುರುತ್ತದೆ. ಚಿಪ್ ಆ ಅದುರು ನಿಲ್ಲುವ ತನಕ ಕಾಯುತ್ತದೆ. ಕೊಳೆಯಿಂದ ಅದುರು ಜಾಸ್ತಿಯಾದರೆ ಎರಡು ಸಲ ಒತ್ತಿದರು ಅಂತ ಲೆಕ್ಕ ಹಾಕುತ್ತದೆ.

ಐದಾರು ಕೀಗಳು ಒಟ್ಟಿಗೇ ಸತ್ತಿದ್ದರೆ ಕೊಳೆಯ ಮೇಲೆ ಅನುಮಾನ ಬೇಡ. ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಗೆರೆ, ಉದ್ದ ಗೆರೆಗಳ ಜಾಲವೊಂದನ್ನು ಚಿಪ್ ಸರದಿಯಂತೆ ನೋಡುತ್ತಿರುತ್ತದೆ. ಒಂದು ಗೆರೆ ಕಡಿದರೆ ಅದರ ಮೇಲಿರುವ ಕೀಗಳೆಲ್ಲ ಹೋದವು. ಆ ಕೀಗಳು ಹೊರಗಿನಿಂದ ಒಂದೇ ಸಾಲಿನಲ್ಲಿ ಕಾಣಬೇಕೆಂದೇನೂ ಇಲ್ಲ. ಇದು ರಿಪೇರಿಯವರ ಕೆಲಸ.

ತೊಳೆಯುವುದು

ಹಿಂದಿನ ಸ್ಕ್ರೂ ಬಿಚ್ಚಿ. ಮುಚ್ಚಳ ನಿಧಾನವಾಗಿ ಎತ್ತಿ, ಬ್ಯಾಟರಿಯ ತಂತಿ ಅಂಟಿಕೊಂಡಿರಬಹುದು. ಬ್ಯಾಟರಿ ತೆಗೆಯಿರಿ, ಸೋಲಾರ್ ಪಟ್ಟಿಗೆ ಕಾಗದ ಮುಚ್ಚಿ. ಬೋರ್ಡು ಸ್ಕ್ರೂಗಳಿಂದ ಕೂತಿದ್ದರೆ ಮುಂದುವರಿಯಿರಿ. ಪ್ಲಾಸ್ಟಿಕ್ ಕರಗಿಸಿ ಕೂರಿಸಿದ್ದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಪರದೆಗೆ ಹೋಗುವ ತೆಳು ಪಟ್ಟಿಯನ್ನು ಮಾತ್ರ ಎಳೆಯಬೇಡಿ. ಅದು ಬರೀ ಅಂಟಿನ ಮೇಲೆ ನಿಂತಿರುತ್ತದೆ, ಬಿಟ್ಟುಕೊಂಡರೆ ಅಂಕಿಗಳ ಅರ್ಧ ಭಾಗವೇ ಮಾಯ.

ರಬ್ಬರ್ ಹಾಳೆಯನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬೋರ್ಡಿಗೆ ಇಯರ್‌ಬಡ್ ತುದಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆದುಕೊಂಡು ಹಗುರವಾಗಿ ಒರೆಸಿ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಬೋರ್ಡಿನ ಮೇಲಿನ ಕರಿ ಲೇಪ ಕೊಳೆಯಲ್ಲ, ಅದೂ ಕಾರ್ಬನ್ನೇ. ಉಜ್ಜಿ ತೆಗೆದರೆ ಕೆಲಸ ಕೆಟ್ಟಿತು. ಬಿಲ್ಲೆಗೆ ಉಪ್ಪುಕಾಗದವಂತೂ ಬೇಡವೇ ಬೇಡ. ತೀರಾ ಸವೆದ ಬಿಲ್ಲೆಗೆ ಮೆತ್ತನೆಯ ಪೆನ್ಸಿಲ್ ಸೀಸ ತಿಕ್ಕಿದರೆ ಸ್ವಲ್ಪ ದಿನ ನಡೆಯುತ್ತದೆ, ಅಷ್ಟೇ.

ಜೋಡಿಸಿದ ಮೇಲೆ ಮತ್ತೆ ಎಲ್ಲ ಕೀಗಳನ್ನೂ ನಡುವೆ, ಮೂಲೆಗೆ ಒತ್ತಿ ನೋಡಿ. ಒಂದು ಕಡೆಯ ಕೀಗಳಿಗೆ ಮಾತ್ರ ಜಾಸ್ತಿ ಬಲ ಬೇಕಾಗುತ್ತಿದ್ದರೆ ಬೋರ್ಡು ಅಲ್ಲಿ ಸರಿಯಾಗಿ ಕೂತಿಲ್ಲ. ಇನ್ನೊಮ್ಮೆ ತೆರೆದು, ಆ ಜಾಗದ ಸ್ಕ್ರೂವನ್ನು ಸ್ವಲ್ಪ ಬಿಗಿ ಮಾಡಿ.