ತೂಕದ ಮುಳ್ಳಿನ ಕಡೆ ನಿಂತು ತೆಗ್ದ ಫೋಟೋ – ನನ್ನ ಅನುಭವ

ನಮ್ಮ ಕೊಡಗಿನ ಸಿದ್ದಾಪುರ ಕಡೆ ಸ್ಟುಡಿಯೋದವರಿಗೆಲ್ಲ ಮೂರ್ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೆ, ಮಂಜು, ಜಲಪಾತ, ಡ್ರೋನ್ ಶಾಟ್ ಎಲ್ಲ ಬಿಟ್ಟು ಒಂದೇ ಕಾಫಿ ತೋಟ ಹಿಡ್ಕೊಂಡು, ಒಂದೇ ಲೈನ್ ಮನೆ (ತೋಟದ ಕೂಲಿಯವರು ಇರೋ ಸಾಲು ಮನೆ) ಜನರ ಜೊತೆ ಪೂರ್ತಿ ಸೀಸನ್ ಇದ್ದು ಒಂದು ಕಥೆ ಮಾಡ್ತೀನಿ ಅಂತ. ಯಾರೂ ಒಪ್ಲಿಲ್ಲ. "ಕಾಫಿ ಕುಯ್ಯೋದನ್ನ ನಾವು ದಿನಾ ನೋಡ್ತೀವಿ, ಫೋಟೋದಲ್ಲಿ ಯಾಕೆ ನೋಡ್ಬೇಕು" ಅಂದ್ರು. ಈಗ ಅದೇ ಕಥೆಯ 14 ಫೋಟೋ ಒಂದು ಮ್ಯಾಗಜಿನ್‌ನಲ್ಲಿ ಆರು ಪುಟ ಬಂದಿದೆ, ಅದನ್ನ ನೋಡಿನೇ ಮೂರು ಮದುವೆ ಆರ್ಡರ್ ಬಂದಿದೆ, ಹಾಗಾಗಿ ಹೇಗೆ ಮಾಡ್ದೆ ಅಂತ ಬರೀತಾ ಇದೀನಿ. ಕ್ಯಾಮೆರಾ ಹಿಡಿಯೋದು ಗೊತ್ತಿರೋರಿಗೆ ಮಾತ್ರ ಇದು, ಅಪರ್ಚರ್ ಐಎಸ್‌ಓ ಎಲ್ಲ ಹೇಳಲ್ಲ.

ಮೊದ್ಲು ಸೋತಿದ್ದನ್ನ ಹೇಳ್ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸೀತಲ್ಲ, ಆಗ ನಾನೂ ಕ್ಯಾಮೆರಾ ತಗೊಂಡು ಪರಿಹಾರ ಕೇಂದ್ರಗಳಿಗೆ ಓಡಿದ್ದೆ. ನಾಲ್ಕು ದಿನದಲ್ಲಿ ಸುಮಾರು 900 ಫೋಟೋ. ಕೆಸರು, ಮುರಿದ ಗೋಡೆ, ಅಳ್ತಾ ಇರೋ ಮುಖ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೋಡಿದ್ರೆ ಒಂದಕ್ಕೊಂದು ಸಂಬಂಧನೇ ಇಲ್ಲ, ಯಾರ ಮನೆ ಎಲ್ಲಿತ್ತು, ಆ ಅಜ್ಜಿ ಯಾರ ಕಾಯ್ತಾ ಕೂತಿದ್ರು, ಏನೂ ಗೊತ್ತಿಲ್ಲ. ಒಬ್ಬರ ಹೆಸರೂ ಬರ್ಕೊಂಡಿರ್ಲಿಲ್ಲ. ಒಬ್ಬ ಹೆಂಗಸು ಸೆರಗಲ್ಲಿ ಮುಖ ಮುಚ್ಕೊಂಡಿದ್ದು ಇವತ್ತಿಗೂ ಕಣ್ಮುಂದೆ ಇದೆ, ಆ ಫೋಟೋ ಡಿಲೀಟ್ ಮಾಡ್ದೆ, ಆ ಮುಖ ಮಾತ್ರ ಹೋಗ್ಲಿಲ್ಲ.

ಅದಾದ್ಮೇಲೆ ಒಂದು ವರ್ಷ ಹೆಚ್ಚು ಕಮ್ಮಿ ಬರೀ ನೋಡಿದ್ದೇ. ದೊಡ್ಡವರು ಹೇಗೆ ತೆಗ್ದ್ರು ಅಂತ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೋಗಳೇ ನನಗೆ ಮೊದಲ ಪಾಠ, ಯುನಿಸೆಫ್‌ಗೆ ಮಕ್ಕಳ ಫೋಟೋ ತೆಗ್ದವರು, ಪದ್ಮಶ್ರೀ ಬಂದಿತ್ತು, ಅವರಿಗೆ ಯುದ್ಧ ಬೇಕಿರ್ಲಿಲ್ಲ, ಪ್ರವಾಹ ಬೇಕಿರ್ಲಿಲ್ಲ, ಸಾದಾ ಜನ ಸಾದಾ ಕೆಲಸ ಮಾಡ್ತಾ ಇರೋದೇ ಸಾಕಿತ್ತು. ಆಮೇಲೆ ಅಮೆರಿಕದ ಫೋಟೋಗ್ರಾಫರ್ ಡೊರೊತಿಯಾ ಲಾಂಗ್. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೀಳೋರ ಕ್ಯಾಂಪ್ ಬೋರ್ಡ್ ನೋಡಿ ಕಾರಲ್ಲಿ ಸುಮಾರು 20 ಮೈಲಿ ಮುಂದೆ ಹೋದವರು ಮನಸ್ಸು ತಡೀದೆ ತಿರುಗಿಸ್ಕೊಂಡು ವಾಪಸ್ ಬಂದು ಆ ಕ್ಯಾಂಪಲ್ಲಿದ್ದ ಒಬ್ಬ ತಾಯಿ ಮಕ್ಕಳ ಫೋಟೋ ತೆಗ್ದ್ರು, ದೂರದಿಂದ ಶುರು ಮಾಡಿ ಒಂದೊಂದು ಫ್ರೇಮ್‌ಗೂ ಹತ್ರ ಹೋಗಿ. ಪ್ರಪಂಚಕ್ಕೇ ಗೊತ್ತಿರೋ ಫೋಟೋ. ಆದ್ರೆ ಲಾಂಗ್ ಆ ತಾಯಿಯನ್ನ ಹೆಸರು ಏನು ಅಂತ ಕೇಳಿರ್ಲಿಲ್ಲ, ಆಕೆ ಯಾರು ಅಂತ ಹೊರಗೆ ಗೊತ್ತಾಗಿದ್ದು 1978ರಲ್ಲಿ, ಆ ಫೋಟೋದಿಂದ ಆಕೆಗೆ ದುಡ್ಡೂ ಬರ್ಲಿಲ್ಲ. ಅದನ್ನ ಓದಿದ ದಿನ ನನಗೆ ಪರಿಹಾರ ಕೇಂದ್ರದ ಆ ಹೆಂಗಸೇ ನೆನಪಾದ್ರು. ಅವತ್ತೇ ಒಂದು ಸಣ್ಣ ಡೈರಿ ತಗೊಂಡೆ, ಹೆಸರು ಬರೀದೆ, ಅವರನ್ನ ಕೇಳ್ದೆ ಫೋಟೋ ಇಟ್ಕೊಳ್ಳಲ್ಲ ಅಂತ.

ಆದ್ರೆ ನನ್ನನ್ನ ನಿಜವಾಗಿ ಹಿಡಿದು ಕೂರಿಸಿದ್ದು ಇನ್ನೊಬ್ಬ ಅಮೆರಿಕದ ಫೋಟೋಗ್ರಾಫರ್, ಯೂಜಿನ್ ಸ್ಮಿತ್. 1948ರಲ್ಲಿ ಲೈಫ್ ಪತ್ರಿಕೆಗೆ ಕೊಲೊರಾಡೋದ ಕ್ರೆಮ್ಲಿಂಗ್ ಅನ್ನೋ ಊರಲ್ಲಿ ಒಬ್ಬ ಹಳ್ಳಿ ಡಾಕ್ಟರ್ ಹಿಂದೆ 23 ದಿನ ಇದ್ರು. ಶುರುನಲ್ಲಿ ಫಿಲ್ಮ್ ಹಾಕ್ದೇನೇ ಖಾಲಿ ಕ್ಯಾಮೆರಾ ಕ್ಲಿಕ್ ಮಾಡ್ತಾ ಇದ್ರಂತೆ, ಡಾಕ್ಟರ್‌ಗೆ ಆ ಸದ್ದು ಅಭ್ಯಾಸ ಆಗ್ಲಿ ಅಂತ. ಅದರಲ್ಲಿ ಒಂದು ಫೋಟೋ ಇದೆ, ರಾತ್ರಿ ಆಪರೇಷನ್ ಮುಗಿಸಿ ಅಡುಗೆ ಮನೇಲಿ ಕಾಫಿ ಕಪ್ ಹಿಡ್ಕೊಂಡು ನಿಂತಿರೋದು. ಕಾಫಿ ನಾಡಲ್ಲಿ ಹುಟ್ಟಿದ ನಾನು ಕಾಫಿ ಕಪ್ ಒಳಗೆ ಅಷ್ಟು ಸುಸ್ತು ಕಾಣ್ಬಹುದು ಅಂತ ಅಂದ್ಕೊಂಡೇ ಇರ್ಲಿಲ್ಲ.

ಇನ್ನೊಬ್ಬರು ಸಾಲ್ಗಾಡೋ, ಬ್ರೆಜಿಲ್‌ನವರು, ಫೋಟೋಗ್ರಾಫರ್ ಆಗೋ ಮುಂಚೆ ಲಂಡನ್ನಿನ ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞ, 1973ರಲ್ಲಿ ಆ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ್ರು. ಕಾಫಿ ರೇಟ್ ಗೊತ್ತಿದ್ದ ಮನುಷ್ಯ ಕೂಲಿಯವನ ಮುಖ ನೋಡೋಕೆ ಹೋದ. ಅದು ನನಗೆ ತುಂಬಾ ಧೈರ್ಯ ಕೊಡ್ತು.

ಸರಿ, 2023 ಜನವರಿ, ರೋಬಸ್ಟಾ ಕುಯ್ಲು ಶುರು. ಗುರುತಿನವರ ತೋಟ, 40 ಎಕರೆ ಇರಬಹುದು. ದೂರದ್ದನ್ನ ಹತ್ರ ತೋರಿಸೋ 70-200 ಜೂಮ್ ಲೆನ್ಸ್ ಹಾಕ್ಕೊಂಡು ಹೋದೆ, ದೂರದಿಂದ ತೆಗೆದ್ರೆ ಅವರಿಗೆ ಮುಜುಗರ ಆಗಲ್ಲ ಅಂತ. ಒಂದೂವರೆ ತಿಂಗಳು ಹೋಗಿದ್ದೀನಿ, ನಾಲ್ಕು ಸಾವಿರ ಫೋಟೋ, ಅದರಲ್ಲಿ ಮುಕ್ಕಾಲು ಪಾಲು ಬರೀ ಬೆನ್ನು. ಗಿಡದ ಒಳಗೆ ನುಗ್ಗಿ ಕುಯ್ಯೋರ ಬೆನ್ನು ಬಿಟ್ರೆ ದೂರದಿಂದ ಇನ್ನೇನು ಸಿಗುತ್ತೆ. ಲೈಫ್‌ನವರ ಎಂಟು ಥರದ ಶಾಟ್ ಲಿಸ್ಟ್ ಒಂದಿದೆ (ಒಂದು ಕಥೆಗೆ ಬೇಕಾದ ಫೋಟೋಗಳು: ದೂರದ್ದು, ಹತ್ರದ್ದು, ಮುಖ, ಮುಕ್ತಾಯದ್ದು, ಹೀಗೆ), ಅದನ್ನ ಡೈರಿ ಹಿಂದೆ ಬರ್ದು ಒಂದೊಂದೇ ಟಿಕ್ ಹಾಕ್ತಾ ತೆಗ್ದೆ, ಲಿಸ್ಟ್ ಪೂರ್ತಿ ಆಯ್ತು, ಕಥೆ ಆಗ್ಲಿಲ್ಲ. ಆ ಸೀಸನ್ ಪೂರ್ತಿ ವೇಸ್ಟ್. ಮೂರು ಮದುವೆ ಬಿಟ್ಟಿದ್ದೆ, ಅಂದ್ರೆ ಒಂದು ಲಕ್ಷದ ಹತ್ರ ಹೋಯ್ತು. ಸಾಲ್ದು ಅಂತ ಆ ಮಳೆಗಾಲ ಲೆನ್ಸ್‌ಗೆ ಫಂಗಸ್ ಬಂತು, ಕ್ಲೀನ್ ಮಾಡ್ಸೋಕೆ ಮೈಸೂರಲ್ಲಿ ನಾಲ್ಕೂವರೆ ಸಾವಿರ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಲೆನ್ಸ್ ಬ್ಯಾಗಲ್ಲಿ ಇಡಬಾರ್ದು ಅಂತ ಎಲ್ಲರಿಗೂ ಗೊತ್ತು, ಆದ್ರೂ ಇಡ್ತೀವಿ. ಈಗ ಗಾಳಿ ಆಡದ ಡಬ್ಬಿ, ಸಿಲಿಕಾ ಜೆಲ್, ಅದನ್ನ ಹದಿನೈದು ದಿನಕ್ಕೊಂದ್ಸಲ ಬಾಣಲೇಲಿ ಬಿಸಿ ಮಾಡ್ತೀನಿ.

ಎರಡನೇ ಸೀಸನ್‌ಗೆ ಎಲ್ಲಾ ಬದಲಾಯಿಸ್ದೆ. ಜೂಮ್ ಮಾರ್ದೆ, 35 ಎಂಎಂ ಒಂದೇ ಲೆನ್ಸ್, ಅದರಲ್ಲಿ ಜನರ ಹತ್ರ ಹೋಗ್ಲೇಬೇಕು, ಸೆಕೆಂಡ್ ಹ್ಯಾಂಡ್ 22 ಸಾವಿರ ಕೊಟ್ಟೆ ಅನ್ಸುತ್ತೆ. ಸ್ಮಿತ್ ಮಾಡಿದ ಹಾಗೇ ಮೊದಲ ಒಂಬತ್ತು ದಿನ ಕ್ಯಾಮೆರಾಗೆ ಮೆಮೊರಿ ಕಾರ್ಡ್ ಹಾಕ್ಲಿಲ್ಲ. ಬರೀ ಕ್ಲಿಕ್. ಜೊತೆಗೆ ಚೀಲ ಹಿಡ್ಕೊಂಡೆ, ಗಿಡದ ಕೆಳಗೆ ಹಾಸಿದ ಟಾರ್ಪಲಿಂದ ಎಲೆ ಆರಿಸ್ದೆ, ಚಗಳಿ ಇರುವೆ ಕೈಲಿ ಕಚ್ಚಿಸ್ಕೊಂಡೆ. ಐದನೇ ದಿನ ಅವರು ನನ್ನ ಕಡೆ ನೋಡೋದೇ ಬಿಟ್ರು. ಹತ್ತನೇ ದಿನ ಕಾರ್ಡ್ ಹಾಕ್ದೆ, ಆ ದಿನದ ಮೊದಲ ಫೋಟೋನೇ ಕೊನೆಯ 14ರಲ್ಲಿ ಉಳೀತು.

ಕಥೆಯ ಜೀವ ಸಿಕ್ಕಿದ್ದು ಸಾಯಂಕಾಲದ ತೂಕದಲ್ಲಿ. ತೋಟದ ಕೆಲಸ ಗೊತ್ತಿರೋರಿಗೆ ಹೇಳ್ಬೇಕಾಗಿಲ್ಲ, ಕುಯ್ದಿದ್ದು ಕಿಲೋ ಲೆಕ್ಕ, ಸಾಯಂಕಾಲ ಚೀಲ ಎತ್ತಿ ತಕ್ಕಡಿಗೆ ನೇತಾಕ್ತಾರೆ, ಗಡಿಯಾರದ ಥರ ಮುಳ್ಳು ತಿರುಗುತ್ತೆ, ತೋಟದ ಲೆಕ್ಕ ನೋಡೋ ರೈಟರ್ ಬರ್ಕೊಳ್ತಾನೆ. ನಾನು ಹನ್ನೆರಡು ಹದಿಮೂರು ಸಾಯಂಕಾಲ ಆ ಗುಂಪಿನ ಪಕ್ಕದಲ್ಲಿ, ಹಿಂದೆ, ಜೀಪ್ ಮೇಲೆ ಹತ್ತಿ ಎಲ್ಲ ತೆಗ್ದೆ. ಚೀಲ ಕಾಣ್ತಿತ್ತು, ಜನ ಕಾಣ್ತಿದ್ರು, ಏನೋ ಒಂದು ಸಿಗ್ತಿರ್ಲಿಲ್ಲ. ಒಂದಿನ ಮನೆಗೆ ಬಂದು ನೋಡ್ತಾ ಕೂತಾಗ ಹೊಳೀತು, ಎಲ್ಲರ ಕಣ್ಣೂ ಒಂದೇ ಕಡೆ ಇದೆ, ಆ ಮುಳ್ಳಿನ ಮೇಲೆ. ಅಂದ್ರೆ ನಾನು ನಿಲ್ಬೇಕಾಗಿದ್ದು ಮುಳ್ಳು ಇರೋ ಜಾಗದಲ್ಲಿ. ಮಾರನೇ ದಿನ ತಕ್ಕಡಿ ಡಯಲ್‌ಗೆ ಕಿವಿ ತಾಗೋ ಹಾಗೆ ಪಕ್ಕದಲ್ಲಿ ಮುಖ ಇಟ್ಟು ನಿಂತೆ. ಏಳು ಜನ ಹೆಂಗಸರು, ತಲೆಗೆ ಟವೆಲ್, ಮೈಮೇಲೆ ಗಂಡನ ಫುಲ್ ಕೈ ಶರ್ಟ್, ಕಾಫಿ ಅಂಟಿನಿಂದ ಕಪ್ಪಾದ ಬೆರಳು, ಏಳೂ ಜನ ನೇರ ನನ್ನ ಕಡೆಗೇ ನೋಡ್ತಿರೋ ಹಾಗೆ, ಆದ್ರೆ ನನ್ನನ್ನಲ್ಲ. ಮುಂದಿನವಳ ತುಟಿ ಸ್ವಲ್ಪ ತೆರೆದಿದೆ, ಮನಸ್ಸಲ್ಲೇ ಕಿಲೋ ಲೆಕ್ಕ ಹಾಕ್ತಿದ್ದಾಳೆ. ಸರಿಯಾದ ಫ್ರೇಮ್ ಸಿಗೋಕೆ ಮತ್ತೆ ಆರೇಳು ಸಾಯಂಕಾಲ ಬೇಕಾಯ್ತು, ಬೆಳಕು ಹೋಗ್ಬಿಡೋದು. ಆ ಕತ್ತಲಲ್ಲಿ ಫ್ಲ್ಯಾಶ್ ಇಲ್ದೆ ಮುಖಕ್ಕೆ ಬೆಳಕು ಹೇಗೆ ತಂದೆ ಅನ್ನೋದನ್ನ ಇಲ್ಲಿ ಬರಿಯಲ್ಲ, ಅದು ನನ್ನ ಹತ್ರಾನೇ ಇರ್ಲಿ. ರೈಟರ್‌ನ ಹೇಗೆ ಒಪ್ಪಿಸ್ದೆ ಅನ್ನೋದೂ ಅಷ್ಟೇ.

ಮಧ್ಯದಲ್ಲಿ ಒಂದೆರಡು ಪ್ರಯೋಗ ಮಾಡ್ದೆ. ಲೈನ್ ಮನೆ ಮಕ್ಕಳಿಗೆ ಎರಡು ಹಳೇ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾ ಕೊಟ್ಟೆ ಒಂದು ಭಾನುವಾರ. ನಾಲ್ಕನೇ ಕ್ಲಾಸ್ ಹುಡುಗಿ ಅಮ್ಮ ಕೈ ತೊಳೀತಿರೋದನ್ನ ಬಕೆಟ್ ಎತ್ತರದಿಂದ ತೆಗ್ದಿದ್ಲು, ಎಷ್ಟು ಉಜ್ಜಿದ್ರೂ ಹೋಗದ ಆ ಕಪ್ಪು, ಸೋಪಿನ ನೊರೆ, ಬೇರೇನಿಲ್ಲ. ಅದನ್ನ ನೋಡಿದ ಮೇಲೆ ನಾನೂ ಮೂರು ಅಡಿ ಎತ್ತರದಿಂದ ತೆಗೆಯೋಕೆ ಶುರು ಮಾಡ್ದೆ, ಅಲ್ಲೀ ತನಕ ಎಲ್ಲಾ ನನ್ನ ಕಣ್ಣಿನ ಎತ್ತರದಲ್ಲೇ ಇತ್ತು. ಇನ್ನೊಂದು ಫಿಲ್ಮ್ ಪ್ರಯೋಗ, ಎರಡು ರೋಲ್ ಕಪ್ಪು ಬಿಳುಪು, ಡೆವಲಪ್ ಸ್ಕ್ಯಾನ್ ಸೇರಿ ಮೂರೂವರೆ ಸಾವಿರ ಆಯ್ತು, ಒಂದೂ ಉಪಯೋಗಕ್ಕೆ ಬರ್ಲಿಲ್ಲ, ಆದ್ರೆ ಒಂದು ರೋಲ್‌ಗೆ 36 ಫ್ರೇಮ್ ಅಷ್ಟೇ ಅಂದ್ರೆ ಕೈ ತಾನಾಗೇ ಕಾಯುತ್ತೆ, ಅದು ಉಳೀತು.

ಆಮೇಲೆ ಎಡಿಟಿಂಗ್. ಸ್ಕ್ರೀನ್ ಮೇಲೆ ಕಥೆ ಜೋಡಿಸೋಕೆ ನನ್ನ ಕೈಲಿ ಆಗ್ಲೇ ಇಲ್ಲ. 200 ಫೋಟೋ ಸಣ್ಣ ಪ್ರಿಂಟ್ ಹಾಕಿಸ್ದೆ, ಒಂದಕ್ಕೆ ಏಳೋ ಎಂಟೋ ರೂಪಾಯಿ, ಜಗಲಿ ಮೇಲೆ ಹರಡಿ ಹದಿನೈದು ದಿನ ಹಾಗೇ ಬಿಟ್ಟೆ, ಮನೆಯವರು ಅದನ್ನ ದಾಟ್ಕೊಂಡೇ ಓಡಾಡಿದ್ರು. ನನ್ನ ವಿಧಾನ ಇದು: ಒಂದು ಮಾತೂ ಹೇಳ್ದೆ ಪ್ರಿಂಟ್‌ಗಳನ್ನ ಸಾಲಾಗಿ ಇಟ್ಟು ಅಮ್ಮನಿಗೆ, ಪಕ್ಕದ ಆಟೋದವನಿಗೆ, ಹಾಲಿನ ಹುಡುಗನಿಗೆ "ಏನಾಗ್ತಿದೆ ಹೇಳಿ" ಅಂತ ಕೇಳೋದು. ಮೂರೂ ಜನ ಒಂದೇ ಕಥೆ ಹೇಳೋ ತನಕ ಜಾಗ ಬದಲಾಯಿಸೋದು, ತೆಗೆಯೋದು. ಬೆಳಿಗ್ಗೆ ಸಿಲ್ವರ್ ಓಕ್ ಮಧ್ಯೆ ಮಂಜು ಬಿಸಿಲು ಬೀಳ್ತಿರೋ ಒಂದು ಫೋಟೋ ಇತ್ತು, ನನ್ನ ಜೀವದಷ್ಟು ಇಷ್ಟ ಅದು, ಅದು ಇದ್ದಾಗೆಲ್ಲ ಎಲ್ಲರೂ "ಚೆನ್ನಾಗಿದೆ" ಅಂದು ಅಲ್ಲೇ ನಿಂತ್ಬಿಡೋರು, ಕಥೆ ಮುಂದಕ್ಕೆ ಹೋಗ್ತಿರ್ಲಿಲ್ಲ. ತೆಗ್ದೆ. ತೆಗ್ದ ದಿನ ರಾತ್ರಿ ನಿದ್ದೆ ಬರ್ಲಿಲ್ಲ, ಆದ್ರೆ ಮಾರನೇ ದಿನ ಆಟೋದವನು ಕೊನೇ ಫೋಟೋ ತನಕ ಹೋಗಿ "ಇಷ್ಟು ಕುಯ್ದ್ರೂ ಅವಳಿಗೆ ಸಾಲ್ಲಿಲ್ವಾ" ಅಂದ. ಅಷ್ಟು ಸಾಕಿತ್ತು ನನಗೆ.

ದುಡ್ಡಿನ ಲೆಕ್ಕ ಕೇಳ್ತೀರ ಅಂತ ಗೊತ್ತು. ಎರಡು ಸೀಸನ್ ಪೆಟ್ರೋಲ್, ಪ್ರಿಂಟ್, ಲೆನ್ಸ್, ರಿಪೇರಿ, ಬಿಟ್ಟ ಮದುವೆಗಳು ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಮೇಲೆ. ಮೊದ್ಲು ಕಳ್ಸಿದ ಮೂರು ಕಡೆ ಉತ್ತರನೇ ಬರ್ಲಿಲ್ಲ. ನಾಲ್ಕನೇ ಮ್ಯಾಗಜಿನ್ 18 ಸಾವಿರ ಕೊಡ್ತು. ಅದು ನೋಡಿದ್ರೆ ನಷ್ಟನೇ. ಆದ್ರೆ ಆಮೇಲೆ ಬಂದ ಮದುವೆಗಳು ಬೇರೆ ಥರ. ಒಂದು ಕೊಡವ ಮದುವೇಲಿ ಗಂಗಾಪೂಜೆ (ಮದುಮಗಳು ಬಾವಿಯಿಂದ ನೀರು ಹೊತ್ತು ತರೋ ಶಾಸ್ತ್ರ) ಹೊತ್ತಲ್ಲಿ ಎಲ್ಲಾ ಕ್ಯಾಮೆರಾಗಳೂ ಅವಳ ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯೋರ ಕಡೆ ತಿರುಗಿದ್ವು, ನಾನು ತಲೆ ಮೇಲೆ ನೀರಿನ ಕೊಡ ಹೊತ್ತು ದಾರಿ ಬಿಡೋದನ್ನೇ ಕಾಯ್ತಾ ನಿಂತ ಮದುಮಗಳ ಕುತ್ತಿಗೆ, ಕಣ್ಣು, ಕೊಡ ಹಿಡಿದ ಬೆರಳು, ಇಷ್ಟನ್ನೇ ಎರಡು ಗಂಟೆ ತೆಗ್ದೆ. ಆಲ್ಬಮ್ ನೋಡಿ ಅವಳ ತಾಯಿ ಕಣ್ಣೀರು ಹಾಕಿದ್ರು, "ಹೌದು, ಹೀಗೇ ನೋಯ್ತಿತ್ತು ನಂಗೂ" ಅಂದ್ರು. ಮುಂಚೆ ಮದುವೆಗೆ 35 ಸಾವಿರ ತಗೋತಿದ್ದೆ, ಈಗ 80ಕ್ಕೆ ಕಮ್ಮಿ ಹೋಗಲ್ಲ, ಚೌಕಾಸಿ ಮಾಡೋರೂ ಕಮ್ಮಿ. ಅವತ್ತು ಬೇಡ ಅಂದ ಸ್ಟುಡಿಯೋದವರಲ್ಲಿ ಇಬ್ಬರು ಈಗ 35 ಎಂಎಂ ಹುಡುಕ್ತಿದ್ದಾರೆ.

ಮ್ಯಾಗಜಿನ್ ಬಂದಾಗ ಏಳು ಕಾಪಿ ತಗೊಂಡು ಲೈನ್ ಮನೆಗೆ ಹೋಗಿದ್ದೆ, ಪ್ರತಿಯೊಬ್ಬರಿಗೂ ಅವರವರ ದೊಡ್ಡ ಪ್ರಿಂಟೂ ಕೊಟ್ಟೆ. ತುಟಿ ತೆರೆದು ಲೆಕ್ಕ ಹಾಕ್ತಿದ್ದ ಆಕೆ ತನ್ನ ಫೋಟೋನ ದೇವರ ಕ್ಯಾಲೆಂಡರ್ ಪಕ್ಕ ಮೊಳೆ ಹೊಡೆದು ಹಾಕಿದ್ದಾರೆ. ಮೊನ್ನೆ ಫೋನ್ ಮಾಡಿದ್ರು, ಈ ಮಳೆಗೆ ಗೋಡೆ ಒದ್ದೆ ಆಗಿ ಫೋಟೋಗೆ ಬೂಷ್ಟು ಹಿಡಿದಿದೆಯಂತೆ, ಇನ್ನೊಂದು ಬೇಕು, ಈ ಸಲ ಗ್ಲಾಸ್ ಹಾಕಿಸ್ಕೊಂಡು ಬಾ ಅಂದ್ರು. ಫ್ರೇಮ್‌ಗೆ ಕೊಟ್ಟಿದ್ದೀನಿ, ಸಂತೆ ದಿನ ತಗೊಂಡು ಹೋಗ್ಬೇಕು.