ಬಿಸಿಲೂರಿನ ಗಾಡಿಗೆ ಹೊಗೆಯ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ತೂಗಿದರೆ ಮುಕ್ಕಾಲು ಕಿಲೋ. ಉರಿದಾಗ ಗಾಳಿಯ ಆಮ್ಲಜನಕವೂ ಕೂಡಿಕೊಂಡು ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗಾಡಿಯ ಮೈಲೇಜ್ ಗೊತ್ತಾದರೆ ಈ ಲೆಕ್ಕವೂ ಸಿಕ್ಕಂತೆ.

ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. 200 ಕಿ.ಮೀ. ಓಡಿಸಿ, ಅದೇ ಪಂಪಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. 4 ಲೀಟರ್ ಹಿಡಿದರೆ ಮೈಲೇಜ್ 50, 5 ಹಿಡಿದರೆ 40. ಮೊದಲಿಗಿಂತ ಇಳಿದಿದ್ದರೆ ಕಾರಣ ಹುಡುಕಬೇಕು.

ಮೊದಲ ಗುಮಾನಿ ಟೈರಿನ ಹವಾದ ಮೇಲೆ. 100–125 ಸಿ.ಸಿ.ಯ ಬಹುಪಾಲು ಬೈಕುಗಳಿಗೆ ಒಬ್ಬರೇ ಹೋಗುವಾಗ ಹವಾದ ಒತ್ತಡ ಮುಂದೆ 25, ಹಿಂದೆ 28 ಪಿ.ಎಸ್.ಐ. ಆಸುಪಾಸು. ಹಿಂದೆ ಇನ್ನೊಬ್ಬರು ಕೂತರೆ ಹಿಂದಿನದ್ದು ಹೆಚ್ಚು ಬೇಕು. ಖಚಿತ ಅಂಕಿ ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಬೆಳಿಗ್ಗೆ, ಗಾಡಿ ತೆಗೆಯುವ ಮುನ್ನ ನೋಡಿಸಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ರಿಂಗ್ ರೋಡಿನಲ್ಲಿ ಓಡಿಬಂದ ಟೈರ್ ಕಾದು ಮೂರ್ನಾಲ್ಕು ಅಂಕಿ ಹೆಚ್ಚೇ ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಹವಾ ಇಳಿಸಿದರೆ ಮರುದಿನ ಬೆಳಿಗ್ಗೆ ಟೈರ್ ಮೆತ್ತಗಾಗಿರುತ್ತದೆ.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಒಂದು ಸುತ್ತಿಗೇ ನಿಂತರೆ ಬ್ರೇಕ್ ಶೂ ಉಜ್ಜುತ್ತಿದೆ ಅಥವಾ ಚೈನ್ ಬಿಗಿಯಾಗಿದೆ. ಚೈನನ್ನು ಕೆಳಗಡೆ ನಡುವಿನಲ್ಲಿ ಬೆರಳಿಂದ ಎತ್ತಿದರೆ ಸಾಮಾನ್ಯವಾಗಿ 20–30 ಮಿ.ಮೀ. ಆಡಬೇಕು. ಎರೆಮಣ್ಣಿನ ಧೂಳು ಹಳೇ ಎಣ್ಣೆಗೆ ಅಂಟಿ ಸಾಣೆಯಂತೆ ತಿನ್ನುತ್ತದೆ. ಅದರ ಮೇಲೇ ಎಣ್ಣೆ ಸುರಿಯಬೇಡಿ. ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ಉಜ್ಜಿ, ಒರೆಸಿ, 90 ನಂಬರಿನ ಗೇರ್ ಆಯಿಲ್ ಹಚ್ಚಿ. ತೊಗರಿ ರಾಶಿ ಮುಗಿದ ಮೇಲೆ ಏರ್ ಫಿಲ್ಟರನ್ನೂ ನೋಡಿ: ಫೋಮಿನದ್ದಾದರೆ ತೊಳೆಯಬಹುದು, ಕಾಗದದ್ದಾದರೆ ಬದಲಿಸಬೇಕು.

ದೂರದ ದಾರಿಗೆ ಮಾತ್ರ ಎಂಥ ರಿಪೇರಿಯೂ ಬಸ್ಸಿಗೆ ಸಮವಲ್ಲ. ಕಲಬುರಗಿಯಿಂದ ಬೀದರ್‌ವರೆಗಿನ ಸುಮಾರು 110 ಕಿ.ಮೀ.ಗೆ 50 ಮೈಲೇಜಿನ ಬೈಕಿನಲ್ಲಿ ಒಬ್ಬರೇ ಹೋದರೆ 5 ಕಿಲೋ ಇಂಗಾಲದ ಡೈಆಕ್ಸೈಡ್, 15 ಮೈಲೇಜಿನ ಕಾರಿನಲ್ಲಿ ಒಬ್ಬರೇ ಹೋದರೆ 17 ಕಿಲೋ. ಲೀಟರಿಗೆ 5 ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 40 ಜನ ಕೂತರೆ ತಲಾ ಒಂದೂವರೆ ಕಿಲೋ. 2017ರಿಂದ ಹುಮನಾಬಾದ್ ಮೇಲೆ ರೈಲೂ ಇದೆ, ಸಮಯ ಹೊಂದಿದರೆ ಅದೇ ಆರಾಮ.

ಎಲೆಕ್ಟ್ರಿಕ್ ಸ್ಕೂಟರ್ ಹೊಗೆಯೇ ಇಲ್ಲದ್ದೇನಲ್ಲ. ಅತ್ತ ರಾಯಚೂರಿನ ಶಕ್ತಿನಗರದಲ್ಲಿ ಕರೆಂಟಿಗಾಗಿ ಉರಿಯುವುದು ಕಲ್ಲಿದ್ದಲೇ. 100 ಕಿ.ಮೀ.ಗೆ 3 ಯೂನಿಟ್ ಎಂದರೂ ಸುಮಾರು 2 ಕಿಲೋ, ಆದರೂ ಪೆಟ್ರೋಲ್ ಗಾಡಿಯ ಅರ್ಧಕ್ಕಿಂತ ಕಡಿಮೆ. ಬ್ಯಾಟರಿಗೆ ಬಿಸಿಲೇ ವೈರಿ. ಓಡಿಬಂದ ಕೂಡಲೇ ಚಾರ್ಜಿಗೆ ಹಾಕದೆ ನೆರಳಲ್ಲಿ ಅರ್ಧ ತಾಸು ಆರಲು ಬಿಡಿ.